ತಮ್ಮನ ಪಾಲಿನ ಹಾಲು

ಹೋದ ವರ್ಷದ ಪಂಚಮಿಗೆ ನಾನು ಎಲ್ಲರ ಪಾಲಿನ ಹಾಲನ್ನೂ ಎರೆದೆ, ತಮ್ಮನ ಪಾಲಿನದನ್ನು ಎರೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಬೇಕೆಂದೇ ಬಿಟ್ಟೆ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಒಣಕೊಬ್ಬರಿಯ ಬಟ್ಟಲಿನಲ್ಲಿ ಒಂದು ಚೂರು ಬೆಲ್ಲ ಇಟ್ಟು, ಅದಕ್ಕೆ ಹಾಲು ತುಂಬಿ, ಹುತ್ತದ ಮೇಲೋ ನಾಗಪ್ಪನ ಕಲ್ಲಿನ ಮೇಲೋ ಒಬ್ಬೊಬ್ಬರ ಪಾಲು ಕರೆದು ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ಹಾಗೆ ಎರೆದರೆ ಅವರಿಗೆ ಆ ವರ್ಷ ಹುಳಹುಪ್ಪಡಿಯ ಕಾಟವಿಲ್ಲ, ಕೈಕಾಲಿಗೆ ಕೇಡಿಲ್ಲ ಎಂಬ ನಂಬಿಕೆ. ಸತ್ತವರಿಗೂ ನಾನು ಎರೆಯುತ್ತೇನೆ. ಸತ್ತವರು ಬೇಡ ಎಂದು ಇವತ್ತಿನ ತನಕ ಹೇಳಿಲ್ಲ. ಅತ್ತೆಯ ಪಾಲನ್ನು ಮರೆತ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ಒಡಹುಟ್ಟಿದವನ ಪಾಲನ್ನು ಬಿಟ್ಟವಳನ್ನು ಒಬ್ಬಳನ್ನೂ ನೋಡಿರಲಿಲ್ಲ. ಹೋದ ವರ್ಷ ನಾನೇ ಅವಳಾದೆ.

ರಾಯಚೂರಿನಲ್ಲಿ ಮಗಳ ಮನೆ ಇರುವ ಓಣಿಯ ಕೊನೆಗೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ನಾಲ್ಕೈದು ನಾಗಪ್ಪನ ಕಲ್ಲು. ಅಲ್ಲಿಗೆ ಬೆಳಿಗ್ಗೆ ಹಾಲಿನ ತಂಬಿಗೆ ಹಿಡಿದು ಹೋದೆ. ನನ್ನ ಗಂಡ ಸತ್ತು ಆಗ ಆರು ತಿಂಗಳು. ವರ್ಷ ತುಂಬದೆ ಹಬ್ಬ ಮಾಡಬಾರದು ಎಂದು ಯಾರೋ ಹಿಂದಿನಿಂದ ಅಂದರು. ಉಂಡಿ ಕಟ್ಟಿಲ್ಲ, ಕಡಬು ಮಾಡಿಲ್ಲ, ಹೊಸ ಸೀರೆ ಉಟ್ಟಿಲ್ಲ, ಹಾಲು ಎರೆಯುವುದಕ್ಕೆ ನಾಗಪ್ಪನ ತಕರಾರಿದ್ದರೆ ಅವನೇ ಹೇಳಲಿ ಎಂದೆ.

ನನ್ನ ಪಕ್ಕಕ್ಕೆ ನಮ್ಮ ಓಣಿಯ ಬಳೆ ಮಾರುವವಳು ಕುಳಿತಿದ್ದಳು. ಅವಳೂ ನನ್ನಂತೆ ದೇವದುರ್ಗದವಳು. ನನ್ನ ಬಟ್ಟಲನ್ನು ಎಣಿಸುತ್ತಿದ್ದಳೋ ಏನೋ.

"ಯಕ್ಕಾ, ತಮ್ಮನ ಪಾಲು ಬಿಟ್ಟಿ ನೋಡು," ಎಂದಳು.

"ಬಿಟ್ಟೀನಿ."

"ಅಯ್ಯ ಯವ್ವಾ! ಇರಾವ ಒಬ್ಬಾವ ತಮ್ಮ!"

"ಒಬ್ಬಾವ ಅಂತನ ಬಿಟ್ಟೀನಿ. ನಾಕು ಮಂದಿ ಇದ್ದಿದ್ರ ಇವನ ನೆನಪ ಇರ್ತಿದ್ದಿಲ್ಲ ನನಗ."

ಅವಳ ಬಾಯಿಗೆ ಬಿದ್ದ ಮಾತು ಬಸ್ಸಿಗಿಂತ ಮೊದಲು ದೇವದುರ್ಗ ಮುಟ್ಟುತ್ತದೆ. ಅದು ಗೊತ್ತಿದ್ದೇ ಗಟ್ಟಿಯಾಗಿ ಹೇಳಿದೆ.

ಈ ತಮ್ಮ ನನ್ನ ಸೊಂಟದ ಮೇಲೆ ಬೆಳೆದವನು. ಅವನು ಒಂಬತ್ತು ತಿಂಗಳ ಕೂಸಿದ್ದಾಗ ಅವ್ವ ಸತ್ತಳು. ನನಗೆ ಆಗ ಹನ್ನೊಂದು, ನಾಲ್ಕನೆಯ ತರಗತಿ. ಅಪ್ಪ ಹೊಲಕ್ಕೆ ಹೋದರೆ ಕೂಸನ್ನು ಹಿಡಿಯುವವರಿಲ್ಲ. ಒಂದು ದಿನ ಅವನನ್ನು ಸೊಂಟಕ್ಕೆ ಏರಿಸಿಕೊಂಡೇ ಶಾಲೆಗೆ ಹೋದೆ. ಅವನು ನನ್ನ ಪಾಟಿಯ ಮೇಲೆ ಉಚ್ಚೆ ಹೊಯ್ದ. ಬರೆದ ಮಗ್ಗಿಯೆಲ್ಲ ಹರಿದು ಹೋಯಿತು. ಮಾಸ್ತರರು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ನನ್ನ ಓದು ಅಲ್ಲಿಗೆ ಮುಗಿಯಿತು. ಈಗ ಇದನ್ನು ಬರೆಯುವಷ್ಟು ಅಕ್ಷರ ಬಂದದ್ದು ಮಗಳ ಪುಸ್ತಕ ನೋಡಿ ನೋಡಿ.

ಅವನಿಗೆ ನಾನು ಅಕ್ಕನೂ ಹೌದು, ಅವ್ವನೂ ಹೌದು. ಮಾನ್ವಿಗೆ ನನ್ನನ್ನು ಕೊಟ್ಟಾಗ ಅವನಿಗೆ ಎಂಟು. ಸೆರಗು ಹಿಡಿದವನು ಬಿಡಲಿಲ್ಲ, ನನ್ನ ಸಂಗಡವೇ ಗಂಡನ ಮನೆಗೆ ಬಂದ, ಒಂದು ತಿಂಗಳು ಇದ್ದ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುವ ಕೆಲಸಕ್ಕಿದ್ದ. ದಿನಾ ಗಿರಣಿಗೆ ಇವನನ್ನು ಕರೆದುಕೊಂಡು ಹೋಗಿ ಮೂಟೆಗಳ ಮೇಲೆ ಆಡಲು ಬಿಡುತ್ತಿದ್ದ. ಆ ಗಂಡನ ಮಣ್ಣಿಗೇ ಇವನು ಬರಲಿಲ್ಲ. ಅದು ಮುಂದಿನ ಮಾತು.

ಮಗಳನ್ನು ಹೆತ್ತದ್ದು ತವರಿನಲ್ಲಿ, ದೇವದುರ್ಗದ ಮನೆಯಲ್ಲಿ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ಅವನು ಬೇಡ ಎಂದ ಮೇಲೆ ಉಳಿದವರು ಕೇಳಬೇಕು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ತಮ್ಮನಿಗೆ ಹತ್ತು ವರ್ಷ. ಗೋಡೆಗೆ ಒರಗಿ ಕುಳಿತಿದ್ದ. ನಾನು ಕೂಸನ್ನು ಎತ್ತಿ ಅವನ ತೊಡೆಯ ಮೇಲೆ ಹಾಕಿ, "ತಗೋಪಾ, ನಿನ್ನ ಹೇಣ್ತಿ. ಅಳಸಬ್ಯಾಡ" ಎಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಕೂಸಿನ ತಲೆ ಜೋತು ಬೀಳದ ಹಾಗೆ ಕೈ ಕೊಟ್ಟು, ಉಸಿರು ಬಿಗಿ ಹಿಡಿದು ಕುಳಿತ.

ನಮ್ಮ ಕಡೆ ಪ್ರತಿ ತೊಟ್ಟಿಲ ಹತ್ತಿರವೂ ಈ ಮಾತು ಆಡುತ್ತಾರೆ. ನನ್ನನ್ನೂ ನನ್ನ ಸೋದರಮಾವನ ತೊಡೆಯ ಮೇಲೆ ಹಾಗೆಯೇ ಹಾಕಿದ್ದರಂತೆ. ಆಡಿದವರು ಮರೆಯುತ್ತಾರೆ. ಹುಡುಗ ಮರೆಯುವುದಿಲ್ಲ.

ಮುಂದೆ ಹದಿನೆಂಟು ಪಂಚಮಿ ಅವನೇ ಮಾನ್ವಿಗೆ ಬಂದು ನಮ್ಮನ್ನು ಕರೆದುಕೊಂಡು ಹೋದ. ಬಂದಾಗಲೆಲ್ಲ ಅವಳಿಗೆ ಒಂದು ಡಜನ್ ಬಳೆ. ಜೋಕಾಲಿ ಕಟ್ಟುವವನು ಅವನೇ, ತೂಗುವವನೂ ಅವನೇ. ಮಗಳು ಪಿಯುಸಿ ಪಾಸಾದಳು. ಟೀಚರಾಗಬೇಕು ಎಂದಳು. ಅದೇ ಬೇಸಿಗೆಯಲ್ಲಿ ತಮ್ಮ ಸುದ್ದಿ ಕಳಿಸಿದ, ಬರುವ ಕಾರ್ತಿಕದಲ್ಲಿ ಲಗ್ನ ಇಟ್ಟುಕೊಳ್ಳೋಣ ಎಂದು. ಕೇಳಿದ್ದಲ್ಲ, ತಿಳಿಸಿದ್ದು.

ಮಗಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು: "ಯವ್ವಾ, ಮಾಮ ಛಲೋ ಮನಷ್ಯಾ. ಖರೆ ನಾ ಅವನ ಕೈಲಿ ಜೋಕಾಲಿ ತೂಗಿಸಿಕೊಂಡಾಕಿ. ಗಂಡ ಅಂತ ಹೆಂಗ ನೋಡ್ಲಿ? ನಾ ಓದ್ತೀನಿ."

ಮರುದಿನ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಇಂಥ ಮಾತನ್ನು ಮತ್ತೊಬ್ಬರ ಬಾಯಲ್ಲಿ ಹೇಳಿ ಕಳಿಸುವವಳು ನಾನಲ್ಲ.

ತವರುಮನೆಯ ಕಟ್ಟೆಯ ಮೇಲೆ ಎಂಟು ಹತ್ತು ಜನ ಕುಳಿತಿದ್ದರು. ಒಳಗೆ ಕರೆದು ಹೇಳಬೇಕಿತ್ತು. ಆ ಬುದ್ಧಿ ನನಗೆ ಬರಲಿಲ್ಲ. ನಿಂತ ಕಾಲ ಮೇಲೆ, "ಅಕಿ ಒಲ್ಲೆ ಅಂತಾಳ. ನಾನೂ ಒಲ್ಲೆ. ನೀ ಬ್ಯಾರೆ ಹೆಣ್ಣು ನೋಡಿಕೋ" ಎಂದೆ.

ಅವನ ಮುಖ ಕಪ್ಪಾಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ಗಂಡಸು, ಊರೆಲ್ಲ ಲಗ್ನದ ಸುದ್ದಿ ಹೇಳಿಕೊಂಡು ತಿರುಗಿದವನು. ಅವನ ಬಾಯಿಂದ ಬಂದ ಮಾತು ಇದು:

"ಅಕಿ ಕಾಲೇಜಿಗಿ ಹೋಗೂದು ಓದಾಕಲ್ಲ. ಯಾವನ್ನೋ ಹಿಡಕೊಂಡಾಳ. ಅದಕ್ಕ ನಾ ಬ್ಯಾಡಾಗೀನಿ."

ನನ್ನ ಚಪ್ಪಲಿ ಬಾಗಿಲ ಹತ್ತಿರ ಬಿಟ್ಟಿದ್ದೆ. ಕಾಲಲ್ಲೇ ಇದ್ದಿದ್ದರೆ ಅವನು ಆವತ್ತು ಉಳಿಯುತ್ತಿರಲಿಲ್ಲ. "ನನ್ನ ಸಾಲಿ ನೀ ತಿಂದಿ," ಎಂದೆ. "ಕೂಸು ಇದ್ದಿ, ತಿಂದಿ, ಹೋಗ್ಲಿ. ನನ್ನ ಮಗಳ ಸಾಲಿ ತಿನ್ನಾಕ ಬಿಡಂಗಿಲ್ಲ."

"ಇವತ್ತಿನಿಂದ ಈ ಮನಿ ಬಾಗ್ಲ ನಿನಗ ಬಂದ್," ಎಂದ.

"ಬಾಗ್ಲ ನಿಮ್ಮಪ್ಪ ಹಾಕ್ಸಿದ್ದಲ್ಲೇನ? ನಮ್ಮಪ್ಪನೂ ಅವನ. ನೆಪ್ಪಿರ್ಲಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಅವನ ಮಾತು ನನಗಿಂತ ಮೊದಲು ಮಾನ್ವಿಗೆ ಬಂದಿತ್ತು. ಎರಡು ಕಡೆಯ ಸಂಬಂಧ ಬಂದು, ವಿಚಾರಿಸಿ, ವಾಪಸು ಹೋದವು. ಮಗಳು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಅಂಗಡಿಯ ಮುಂದೆ ಕುಳಿತವರು ಕೆಮ್ಮುತ್ತಿದ್ದರು. ಅವಳು ತಲೆ ಎತ್ತಿಕೊಂಡೇ ಹೋದಳು, ಓದಿದಳು, ಟೀಚರಾದಳು, ರಾಯಚೂರಿನ ಶಾಲೆಗೆ ಬಂದಳು. ಇಪ್ಪತ್ತೆಂಟಕ್ಕೆ ಸಂಗಡ ಕೆಲಸ ಮಾಡುವವನನ್ನು ಮದುವೆಯಾದಳು. ಆದರೆ ಕೆಮ್ಮಿನ ಶಬ್ದ ಕೇಳಿದರೆ ಈಗಲೂ ಅವಳ ಕುತ್ತಿಗೆ ಬಿಗಿಯಾಗುವುದನ್ನು ನಾನು ನೋಡಿದ್ದೇನೆ.

ಇಪ್ಪತ್ತು ವರ್ಷ ಅಕ್ಕ ತಮ್ಮಂದಿರಿಗೆ ಮಾತಿಲ್ಲ. ಅವನಿಗೆ ಲಗ್ನವಾಯಿತು, ನನಗೆ ಕರೆ ಬರಲಿಲ್ಲ. ಎರಡು ಹೆಣ್ಣುಮಕ್ಕಳಾದವು. ಅವನ ಹೆಂಡತಿ ಒಳ್ಳೆಯವಳು, ಗಂಡ ಹೊಲಕ್ಕೆ ಹೋದಾಗ ಕದ್ದು ಫೋನು ಮಾಡುತ್ತಿದ್ದಳು. ಅವಳಿಂದ ಅಷ್ಟು ಸುದ್ದಿ.

ಆದರೂ ಇಪ್ಪತ್ತು ಪಂಚಮಿ ನಾನು ತಮ್ಮನ ಪಾಲು ಎರೆದೆ. ಪ್ರೀತಿಯಿಂದ ಎರೆದೆ ಎಂದು ಸುಳ್ಳು ಹೇಳುವುದಿಲ್ಲ. ಕೆಲವು ವರ್ಷ ಹಲ್ಲು ಕಡಿದು ಎರೆದೆ. "ತಮ್ಮನ ಪಾಲು, ಮೂಳನ ಪಾಲು" ಎಂದೂ ಎರೆದಿದ್ದೇನೆ. ನಾಗಪ್ಪನಿಗೆ ಯಾರೆಂದು ತಿಳಿದರೆ ಸಾಕಲ್ಲ. ಬೈದರೂ ಅವನು ಹಾವು ತುಳಿಯಬಾರದು, ಅಷ್ಟೆ.

ಹೋದ ವರ್ಷ ಚಳಿಗಾಲದಲ್ಲಿ ಗಂಡ ಸತ್ತ. ಮಾನ್ವಿಯ ಮನೆಯಲ್ಲಿ, ಬೆಳಿಗ್ಗೆ, ಚಹಾದ ಬಟ್ಟಲು ಕೈಯಲ್ಲಿದ್ದಾಗಲೇ. ಗಂಡ ಸತ್ತ ಹೆಂಗಸಿಗೆ ತವರಿನಿಂದ ಸೀರೆ ಬರಬೇಕು, ತರುವವನು ಒಡಹುಟ್ಟಿದವನು. ಹಗೆ ಇದ್ದವರೂ ಆ ಒಂದು ದಿನ ಬರುತ್ತಾರೆ. ಹಬ್ಬಕ್ಕೆ ಬರದಿದ್ದರೆ ನಡೆಯುತ್ತದೆ, ಮಣ್ಣಿಗೆ ಬರದಿದ್ದರೆ ನಡೆಯುವುದಿಲ್ಲ. ನಾನು ಎಲ್ಲರನ್ನೂ ಕಾಯಿಸಿದೆ. ದೇವದುರ್ಗದ ಬಸ್ಸು ಬರಲಿ ಎಂದೆ. ಮತ್ತೊಂದು ಬಸ್ಸು ಬರಲಿ ಎಂದೆ. ಮಧ್ಯಾಹ್ನ ಎರಡಕ್ಕೆ ಅವನ ಹೆಂಡತಿ ಒಬ್ಬಳೇ ಪ್ಲಾಸ್ಟಿಕ್ ಚೀಲದಲ್ಲಿ ಸೀರೆ ಹಿಡಿದು ಬಂದಳು.

"ಅವರು ಬರ್ಲಿಲ್ರೀ ಯಕ್ಕಾ," ಎಂದಳು. ನನ್ನ ಮುಖ ನೋಡಲಿಲ್ಲ.

ದಿನಕರ್ಮ ಮುಗಿದ ಮೇಲೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಮಾಫ್ ಮಾಡಿಬಿಡು, ಇಬ್ಬರಿಗೂ ವಯಸ್ಸಾಯಿತು, ಸಿಟ್ಟು ಇಟ್ಟುಕೊಂಡರೆ ನಿನ್ನ ಮೈಗೇ ಕೆಡುಕು. ನನ್ನ ಮೈ ಗಟ್ಟಿ ಇದೆ. ಮೂರು ರೊಟ್ಟಿ ತಿಂದು ಅರಗಿಸಿಕೊಳ್ಳುತ್ತೇನೆ. ಮಾಫ್ ಮಾಡು ಎಂದು ನನ್ನ ಬಾಗಿಲಿಗೆ ಬಂದು ಹೇಳಿದವರಲ್ಲಿ ಒಬ್ಬರಾದರೂ ದೇವದುರ್ಗಕ್ಕೆ ಹೋಗಿ, ಮಾಫಿ ಕೇಳು ಎಂದು ಅವನಿಗೆ ಹೇಳಿದರೋ? ಇಲ್ಲ. ಹೆಂಗಸಿನ ಮನೆಗೆ ಬರುವುದು ಸುಲಭ, ಚಹಾ ಸಿಗುತ್ತದೆ.

ಆಮೇಲೆ ಮಗಳು ನನ್ನನ್ನು ರಾಯಚೂರಿಗೆ ಕರೆತಂದಳು. ಪಂಚಮಿ ಬಂತು. ನಾನು ತಮ್ಮನ ಪಾಲು ಎರೆಯದೆ ಎದ್ದು ಬಂದೆ. ಮನೆಗೆ ಬಂದ ಮೇಲೆ ಕೈ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ. ಅಷ್ಟೇ, ಬೇರೇನೂ ಆಗಲಿಲ್ಲ.

ಅದೇ ದಿನ ದೇವದುರ್ಗದಲ್ಲಿ, ಮಕ್ಕಳಿಗೆ ಜೋಕಾಲಿ ಕಟ್ಟಲು ಬೇವಿನ ಗಿಡ ಹತ್ತಿದ್ದ ತಮ್ಮ ಟೊಂಗೆ ಮುರಿದು ಕೆಳಗೆ ಬಿದ್ದ. ಬಲಗಾಲು ಮುರಿಯಿತು.

ಇದು ನನಗೆ ತಿಳಿದದ್ದು ಅವನಿಂದಲೇ. ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಮಗಳು ಅಳಿಯ ಶಾಲೆಗೆ ಹೋಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಿಗೆ ಆಟೋ ನಿಂತಿತು. ಅದರಿಂದ ಮೊದಲು ಒಂದು ಕೋಲು ಇಳಿಯಿತು, ಆಮೇಲೆ ಬಿಳಿ ಪ್ಲಾಸ್ಟರಿನ ಕಾಲು, ಆಮೇಲೆ ನನ್ನ ತಮ್ಮ. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ಏಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು.

ಹೊಸ್ತಿಲ ಹೊರಗೆ ನಿಂತು ಅವನು ಹೇಗಿದ್ದಿ ಎನ್ನಲಿಲ್ಲ. ಗಂಡ ಸತ್ತದ್ದಕ್ಕೆ ಒಂದು ಮಾತಿಲ್ಲ.

"ಪಂಚಮಿಗಿ ನನ್ನ ಪಾಲು ಎರದಿಲ್ಲಂತಲ್ಲ?"

"ಯಾರು ಹೇಳಿದ್ರು?"

"ಯಾರರ ಹೇಳ್ಲಿ. ಎರದಿಯೋ ಇಲ್ಲೋ?"

"ಎರದಿಲ್ಲ."

"ನೋಡು," ಎಂದು ಕೋಲಿನಿಂದ ಪ್ಲಾಸ್ಟರಿನ ಮೇಲೆ ಟಕ್ ಟಕ್ ಬಡಿದು ತೋರಿಸಿದ.

"ಐವತ್ತಕ್ಕ ಬಂದೀದಿ, ಮಂಗ್ಯಾನಂಗ ಗಿಡ ಹತ್ತು ಅಂತ ನಾ ಹೇಳಿದ್ನೇನು? ಗಿಡದಿಂದ ಬಿದ್ದು ಹಾಲಿನ ಮ್ಯಾಲ ಹಾಕ್ತಿ?"

"ಇಪ್ಪತ್ತು ವರ್ಷ ಅದ ಗಿಡ ಹತ್ತೀನಿ. ಇಪ್ಪತ್ತು ವರ್ಷ ಏನೂ ಆಗಿದ್ದಿಲ್ಲ. ನೀ ಬಿಟ್ಟ ದಿನಾನ ಬಿದ್ದೀನಿ."

ರೊಟ್ಟಿ ತಿರುವಿ ಹಾಕುವ ಕೈ ನಿಂತಿತು. "ನಾ ಇಪ್ಪತ್ತು ವರ್ಷ ಎರದೀನಿ ಅಂತ ನಿನಗ ಯಾರು ಹೇಳಿದ್ರು?"

ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಯಾರು ಹೇಳಬೇಕು? ನೀ ಎರೀದ ಇರ್ತಿದ್ದೇನು?" ಎಂದ.

ಬಾಗಿಲು ಬಂದ್ ಮಾಡಿದವನು, ನನ್ನ ಮಗಳ ಹೆಸರು ಕೆಡಿಸಿದವನು, ಪ್ರತಿ ಪಂಚಮಿಗೆ ನನ್ನ ಹಾಲನ್ನು ನಂಬಿಕೊಂಡು ಗಿಡ ಹತ್ತಿದ್ದಾನೆ. ಒಂದು ವರ್ಷವೂ ಅನುಮಾನ ಪಟ್ಟಿಲ್ಲ. ಎರೆಯಲಿಲ್ಲ ಎಂದು ಕೇಳಿದ ಮೇಲೆ, ತನಗೆ ಬರಬೇಕಾದದ್ದು ಬರಲಿಲ್ಲ ಎಂದು ಜಗಳಕ್ಕೆ ಬಂದಿದ್ದಾನೆ. ನಾಚಿಕೆ ಎಂಬುದು ಅವನಿಗೆ ಹುಟ್ಟಿದಾಗಲೇ ಇರಲಿಲ್ಲ, ಪಾಟಿಯ ಮೇಲೆ ಹೊಯ್ದವನಲ್ಲವೆ.

ರೊಟ್ಟಿ ಸುಟ್ಟಿತು. "ಒಳಗ ಬಾ. ಓಣಿ ಮಂದಿಗಿ ನಾಟಕ ತೋರಸಬ್ಯಾಡ," ಎಂದೆ.

ಸುಟ್ಟ ರೊಟ್ಟಿಯನ್ನೇ ಅವನ ತಾಟಿಗೆ ಹಾಕಿದೆ. ಪುಂಡಿಪಲ್ಯ ಹಾಕಿದೆ, ಶೇಂಗಾ ಚಟ್ನಿ ಹಾಕಿದೆ. ಕಾಲು ಚಾಚಿ ಗೋಡೆಗೆ ಒರಗಿ ಕುಳಿತು ತಿಂದ. ಮೂರನೆಯ ರೊಟ್ಟಿಗೆ ಬಾಯಿ ಬಿಟ್ಟ.

"ಮಾತು ಕೊಟ್ಟಾಕಿ ನೀನು. ಹತ್ತು ವರ್ಷದ ಹುಡುಗನ ತೊಡಿ ಮ್ಯಾಲ ಕೂಸು ಇಟ್ಟು ನಿನ್ನ ಹೇಣ್ತಿ ಅಂದಾಕಿ ಯಾರು? ನಾ ಕೇಳಿದ್ನೇನು?"

ಈ ಮಾತಿಗೆ ನಾನು ಇಪ್ಪತ್ತು ವರ್ಷ ಉತ್ತರ ಹುಡುಕಿದ್ದೆ. ಎಲ್ಲರೂ ಹಾಗೆ ಅನ್ನುತ್ತಾರೆ ಎನ್ನಬಹುದಿತ್ತು. ಚೇಷ್ಟೆಗೆ ಅಂದೆ ಎನ್ನಬಹುದಿತ್ತು. ಅವನ ಎದುರಿಗೆ ಕುಳಿತಾಗ ಅವು ಯಾವುವೂ ನಿಲ್ಲಲಿಲ್ಲ.

"ನಾನ ಅಂದೆ," ಎಂದೆ. "ಅನಬಾರದಿತ್ತು. ಅದು ನನ್ನ ತಪ್ಪು. ಮಗಳನ್ನ ಕೊಡ್ಲಿಲ್ಲ, ಅದು ತಪ್ಪಲ್ಲ. ಆವತ್ತು ನಿನ್ನ ತೊಡಿ ಮ್ಯಾಲ ಹಾಕಿದ್ದು ತಪ್ಪು."

ಅವನು ರೊಟ್ಟಿ ಕೆಳಗಿಟ್ಟ. ಆಮೇಲೆ ತಲೆ ಎತ್ತದೆ, "ಮಾವ ಸತ್ತ ದಿನ ನಾ ಬಂದಿದ್ದೆ," ಎಂದ.

"ಎಲ್ಲಿಗಿ?"

"ಮಾನ್ವಿ ಬಸ್‌ಸ್ಟ್ಯಾಂಡ್ ತನಕ. ಇಬ್ಬರೂ ಕೂಡಿ ಇಳದ್ವಿ. ಅಕಿನ್ನ ಮುಂದ ಕಳಿಸಿದೆ. ನಾ ಚಾದ ಅಂಗಡ್ಯಾಗ ಕುಂತೆ. ನಿನ್ನ ಮಗಳು ಇರ್ತಾಳ ಅಲ್ಲಿ, ಮಾರಿ ಹೆಂಗ ತೋರಸಬೇಕು ಅಂತ... ಐದರ ಬಸ್ಸಿಗಿ ವಾಪಸ್ ಹೋದೆ."

ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ನಾನು ಹೆಣದ ಪಕ್ಕಕ್ಕೆ ಕುಳಿತು ಬಾಗಿಲು ನೋಡುತ್ತಿದ್ದಾಗ ಇವನು ಹತ್ತು ನಿಮಿಷದ ದೂರದಲ್ಲಿ ಚಹಾ ಕುಡಿಯುತ್ತಿದ್ದ.

"ಎಷ್ಟು ಚಾ ಕುಡದಿ?"

"ಆಂ?"

"ಎರಡರಿಂದ ಐದರ ತನಕ. ಎಷ್ಟು ಕುಡದಿ?"

"ನಾಕು."

"ನಾಕು ಚಾ ಕುಡಿಯಾಕ ಬಾಯಿತ್ತು. ಬಂದು ಒಂದು ಹಿಡಿ ಮಣ್ಣು ಹಾಕಾಕ ಕೈ ಇದ್ದಿಲ್ಲ. ಇದನ್ನ ನಾ ಮಾಫ್ ಮಾಡಂಗಿಲ್ಲ, ಕೇಳು. ಸಾಯತನಕ ಮಾಡಂಗಿಲ್ಲ."

"ಬ್ಯಾಡ," ಎಂದ. "ಮಾಡಬ್ಯಾಡ. ಖರೆ ಹಾಲು ಬಿಡಬ್ಯಾಡಬೇ ಯಕ್ಕಾ. ಮನ್ಯಾಗ ಎರಡು ಹೆಣ್ಣು ಹುಡುಗ್ಯಾರು ಅದಾವ."

ಅವನ ಹೆದರಿಕೆ ನಿಜದ್ದು. ಕಣ್ಣಲ್ಲಿ ಕಾಣುತ್ತಿತ್ತು. ಆಗ ನಾನು ನನ್ನ ಮಾತು ಹೇಳಿದೆ. ನನ್ನ ತಪ್ಪು ನಾನು ನಿನ್ನ ಎದುರಿಗೆ ಒಪ್ಪಿದೆ, ನೀನು ಆಡಿದ್ದು ನನ್ನ ಎದುರಿಗಲ್ಲ, ಕಟ್ಟೆಯ ಮೇಲೆ, ಮಂದಿಯ ಮುಂದೆ. ಅಲ್ಲೇ ನಿಂತು, ಆ ಮಂದಿಯ ಮುಂದೆಯೇ ಆ ಮಾತು ಸುಳ್ಳು ಎನ್ನಬೇಕು. ಅಂದ ಮೇಲೆ ಪಂಚಮಿಗೆ ಕರೆಯಲು ಬಾ. ಅಲ್ಲಿಯ ತನಕ ನಿನಗೆ ಅಕ್ಕನೂ ಇಲ್ಲ, ಹಾಲೂ ಇಲ್ಲ.

"ಇಪ್ಪತ್ತು ವರ್ಷದ ಮಾತು," ಎಂದ. "ಕೇಳಿದವರೊಳಗ ಅರ್ಧ ಮಂದಿ ಸತ್ತಾರ."

"ಉಳದ ಅರ್ಧ ಮಂದಿಗಿ ಹೇಳು."

ಮಗಳು ಬರುವ ತನಕ ಅವನು ಕುಳಿತ. ಆಟೋ ಸಿಗಲಿಲ್ಲ ಎಂದ, ಸುಳ್ಳು. ನಾಲ್ಕೂವರೆಗೆ ಅವಳು ಬಂದಳು. ಅವನನ್ನು ನೋಡಿದಳು, ಚೀಲ ಗೂಟಕ್ಕೆ ಹಾಕಿದಳು. ಅವನು ಎದ್ದು ನಿಲ್ಲಲು ಕೋಲು ಹುಡುಕುತ್ತಿದ್ದ. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಯವ್ವಾ, ಬಂದವರಿಗಿ ಚಾ ಕೊಟ್ಟಿ ಇಲ್ಲೋ?"

ಮಾಮ ಎನ್ನಲಿಲ್ಲ. ಬಂದವರು ಎಂದಳು. ಹಾಲಿನವನಿಗೆ, ಕರೆಂಟ್ ಬಿಲ್ಲಿನವನಿಗೆ ಹೇಳುವ ಹಾಗೆ. ಅವನು ಕೋಲು ಸಿಕ್ಕರೂ ಏಳಲಿಲ್ಲ, ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದು ಹೊರಟುಹೋದ.

ರೊಟ್ಟಿ ಹಾಕಿ ಕಳಿಸಿದ್ದಕ್ಕೆ ಮಗಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. "ಅವ ನಿನ್ನ ತಮ್ಮ, ನೀ ಏನರ ಮಾಡಿಕೋ. ನನಗ ಹೇಳಬ್ಯಾಡ, ನಂದು ಇನ್ನೂ ಮುಗದಿಲ್ಲ," ಎಂದಳು. ನಾನು ಹೇಳಲಿಲ್ಲ. ನನ್ನ ಬಾಗಿಲಿಗೆ ಬಂದವರು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಲಾರೆ.

ದೀಪಾವಳಿ ಹೋಯಿತು, ಎಳ್ಳಮಾಸೆ ಹೋಯಿತು, ಯುಗಾದಿ ಹೋಯಿತು. ದೇವದುರ್ಗದಿಂದ ಸುದ್ದಿಯಿಲ್ಲ. ಇಷ್ಟಕ್ಕೇ ಮುಗಿಯಿತು, ತವರು ಎಂಬುದು ನನ್ನ ಪಾಲಿಗೆ ಇನ್ನಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಸುಮ್ಮನೆ ಗಟ್ಟಿಯಾಗಲಿಲ್ಲ. ಗಂಡ ಸತ್ತಾಗ ಅಳದವಳು ನಾನು, ಒಂದು ದಿನ ಅಂಗಡಿಯಲ್ಲಿ ಮಕ್ಕಳ ಬಳೆ ನೇತು ಹಾಕಿದ್ದನ್ನು ನೋಡಿ ರಸ್ತೆಯಲ್ಲೇ ನಿಂತುಬಿಟ್ಟೆ. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈ ವರ್ಷ ಪಂಚಮಿಗೆ ಹತ್ತು ದಿನ ಇದ್ದಾಗ ಅವನ ಹೆಂಡತಿಯ ಫೋನು ಬಂತು. ಪಿಸುಗುಟ್ಟುತ್ತಿದ್ದಳು. "ಯಕ್ಕಾ, ಕಟ್ಟಿ ಮ್ಯಾಲ ಮಂದಿ ಕೂಡ್ಸ್ಯಾರ. ನಾ ಬಾಗ್ಲ ಸಂದ್ಯಾಗ ಫೋನ್ ಹಿಡಕೊಂಡೀನಿ. ಕೇಳ್ರಿ."

ಮೊದಲು ಕೆಮ್ಮು ಕೇಳಿಸಿತು, ಒಂದು ಕರುವಿನ ಕೂಗು ಕೇಳಿಸಿತು. ಆಮೇಲೆ ಅವನ ದನಿ, ಸಂತೆಯಲ್ಲಿ ಕೂಗಿದ ಹಾಗೆ:

"ನಮ್ಮಕ್ಕನ ಮಗಳ ಮ್ಯಾಲ ನಾ ಅಂದಿದ್ದು ಸುಳ್ಳು. ಅಕಿ ಓದಾಕ ಹೋಗ್ತಿದ್ಳು, ಓದ್ಯಾಳ. ನನಗ ಒಲ್ಲೆ ಅಂದಿದ್ದಕ್ಕ ಸಿಟ್ಟಿಗೆದ್ದು ಅಂದೆ. ಇನ್ನ ಯಾರರ ಆ ಮಾತು ಎತ್ತಿದ್ರ ಹಲ್ಲು ಉದುರಸ್ತೀನಿ!"

"ಯಾರೂ ಎತ್ತಿಲ್ಲಲ್ಲೋ ಮಾರಾಯಾ," ಎಂದು ಒಬ್ಬ ಮುದುಕನ ದನಿ. "ಎತ್ತಾಂವ ನೀನ, ಹೊಡಿಯಾಂವ ನೀನ."

"ಎತ್ತಬ್ಯಾಡ್ರಿ ಅಂತ ಹೇಳಾಕತ್ತೀನಿ!"

ಮಾಫಿ ಕೇಳುವುದು ಹೀಗೆಯೇ ಎಂದು ಯಾರೂ ಹೇಳಲಾರರು. ಆದರೆ ಹಿಂದೆ ಎಷ್ಟು ಗಟ್ಟಿಯಾಗಿ ಅಂದಿದ್ದನೋ ಅಷ್ಟೇ ಗಟ್ಟಿಯಾಗಿ ಅಂದ. ನಾನು ಕೇಳಿದ್ದು ಅದನ್ನೇ. ಮಗಳು ಅಡುಗೆಮನೆಯಲ್ಲಿದ್ದಳು. ಫೋನಿನ ಸ್ಪೀಕರ್ ಹಾಕಿದ್ದೆ. ಅವಳಿಗೆ ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ. ನೀರಿನ ನಲ್ಲಿ ಮಾತ್ರ ಬಹಳ ಹೊತ್ತು ಸುಮ್ಮನೆ ಸುರಿಯಿತು.

ಪಂಚಮಿಯ ಹಿಂದಿನ ದಿನ ಕರೆಯಲು ಬಂದ. ಕುಂಟುತ್ತಾನೆ, ಕೋಲಿಲ್ಲ. ಕೈಯಲ್ಲಿ ಒಂದು ಡಜನ್ ಬಳೆ, ನಲವತ್ತಕ್ಕೆ ಬಂದ ನನ್ನ ಮಗಳಿಗೆ. ಅವಳು ಅವನ್ನು ತೆಗೆದುಕೊಳ್ಳಲೂ ಇಲ್ಲ, ವಾಪಸು ಕೊಡಲೂ ಇಲ್ಲ. ಟೇಬಲ್ಲಿನ ಮೇಲೆ ಇದ್ದವು, ಈಗಲೂ ಇವೆ. "ನೀ ಹೋಗಿ ಬಾ ಯವ್ವಾ. ನಾ ಬರಂಗಿಲ್ಲ," ಎಂದಳು. ಅವನು ಏನೋ ಹೇಳಲು ಬಾಯಿ ತೆಗೆದ. ನಾನು ಕಣ್ಣು ಬಿಟ್ಟೆ, ಮುಚ್ಚಿಕೊಂಡ.

ದಾರಿಯಲ್ಲಿ ಬಸ್ಸು ಕಲ್ಮಲದಲ್ಲಿ ನಿಂತಿತು. ಅವನು ಇಳಿದು ಶೇಂಗಾ ಕೊಂಡು ತಂದ. ಸುಲಿದು ಸುಲಿದು ನನ್ನ ಕೈಗೆ ಹಾಕಿದ. ತಿಂದೆ.

ಇಪ್ಪತ್ತೊಂದು ವರ್ಷದ ಮೇಲೆ ತವರಿನ ಹೊಸ್ತಿಲು ದಾಟಿದೆ. ಬಾಗಿಲು ಅದೇ, ಅಪ್ಪ ಹಾಕಿಸಿದ್ದು, ಬಣ್ಣ ಬೇರೆ. ಬೆಳಿಗ್ಗೆ ಹಿತ್ತಲಿನ ಹುತ್ತಕ್ಕೆ ಹೋದೆವು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಆವತ್ತು ಕಟ್ಟೆಯ ಮೇಲಿದ್ದವರ ಹೆಂಡಿರು, ಸೊಸೆಯರು. ಬೇವಿನ ಗಿಡಕ್ಕೆ ಅವನ ದೊಡ್ಡ ಮಗಳು ಹತ್ತಿ ಹಗ್ಗ ಕಟ್ಟುತ್ತಿದ್ದಳು. ಅವನು ಕೆಳಗೆ ನಿಂತು ಬೈಯುತ್ತಿದ್ದ. ನಾನು ಬಟ್ಟಲು ತೆಗೆದುಕೊಂಡ ಕೂಡಲೇ ಬೈಗುಳ ಬಿಟ್ಟು ನನ್ನ ಹಿಂದೆ ಬಂದು ನಿಂತ.

ದೇವರ ಪಾಲು ಎರೆದೆ. ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎರೆದೆ. ಗಂಡನ ಪಾಲು ಎರೆದೆ. ಆಮೇಲೆ ಬಟ್ಟಲು ಅಂಚಿನ ತನಕ ತುಂಬಿ, ಆ ಹೆಂಗಸರಿಗೆಲ್ಲ ಕೇಳುವ ಹಾಗೆ, "ಮಗಳ ಪಾಲು" ಎಂದೆ. ಹನಿ ಹನಿಯಾಗಿ ಎರೆದೆ. ಅವಸರ ಮಾಡಲಿಲ್ಲ. ಯಾರೂ ಕೆಮ್ಮಲಿಲ್ಲ.

ಕೊನೆಗೆ ತಮ್ಮನ ಪಾಲು. ಬಟ್ಟಲು ತುಂಬಿದೆ, ಕರೆದೆ, ಎರೆದೆ. ಅರ್ಧಕ್ಕೆ ಕೈ ನಿಲ್ಲಿಸಿದೆ.

"ಯಕ್ಕಾ," ಹಿಂದಿನಿಂದ ದನಿ ಬಂತು. "ಅರ್ಧಾನ?"

"ಕಟ್ಟಿ ಮ್ಯಾಲ ನಿಂತು ಅಂದಿಯಲ್ಲ, ಅದಕ್ಕ ಅರ್ಧ. ಉಳದಿದ್ದು ನಾಕು ಚಾ ಕುಡದಿಯಲ್ಲ, ಅದರಾಗ ಹೋತು."

ಹೆಂಗಸರು ನಕ್ಕರು, ಏನೆಂದು ತಿಳಿಯದೆ. ಅವನು ನಗಲಿಲ್ಲ. "ಮತ್ತ ಅದನ್ನ ಯಾವಾಗ ಎರೀತಿ?"

"ಗೊತ್ತಿಲ್ಲ. ಗಿಡ ಹತ್ತಬ್ಯಾಡ."

ಬಟ್ಟಲಿನಲ್ಲಿ ಉಳಿದ ಅರ್ಧ ಹಾಲನ್ನು ಅವನ ಎದುರಿಗೇ ಕುಡಿದುಬಿಟ್ಟೆ. ತಳದ ಬೆಲ್ಲ ಕರಗಿತ್ತು. ಕೊಬ್ಬರಿಯನ್ನು ಮುರಿದು ಒಂದು ತುಂಡು ಅವನ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಬಾಯಿಗೆ ಹಾಕಿಕೊಂಡೆ.